ಕೇಳುವವರಿಲ್ಲದೆ ಸರ್ಕಾರದ ನಿಧಿಗಳಲ್ಲಿ ಸೇರಿರುವ ಹಣವನ್ನು ಹುಡುಕಿ ಪಡೆಯುವ ಕ್ರಮ

ಮುಂಗಾರು ಹಂಗಾಮು ಸಮೀಪಿಸಿದಾಗ ಬಿತ್ತನೆಯ ಬೀಜಕ್ಕೂ ಗೊಬ್ಬರಕ್ಕೂ ಆಳಿನ ಕೂಲಿಗೂ ಕೈಸಾಲ ತರುವ ಸಂಸಾರಗಳು ನಮ್ಮ ಗ್ರಾಮಗಳಲ್ಲಿ ಅನೇಕವಾಗಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಹೀಗೆ ಸಾಲ ತರುವ ಮನೆಗಳ ಪೈಕಿ ಕೆಲವದರಲ್ಲಿ ತಂದೆಯೋ ತಾತನೋ ಇಟ್ಟು ಮರೆತ ಠೇವಣಿಯೊಂದು ಯಾವುದೋ ಬ್ಯಾಂಕಿನ ಲೆಕ್ಕದಲ್ಲಿ, ಅಂಚೆಯ ಕಚೇರಿಯಲ್ಲಿ ಅಥವಾ ನ್ಯಾಯಾಲಯದ ಖಾತೆಯಲ್ಲಿ ಬಿದ್ದಿರುವುದುಂಟು. ಮನೆಯವರಿಗೆ ಅದರ ಸುಳಿವೇ ಇರುವುದಿಲ್ಲ. ಒಂದು ಕಡೆ ಸ್ವಂತ ಹಣವು ಅತ್ಯಲ್ಪ ಬಡ್ಡಿಗೆ ನಿದ್ರಿಸುತ್ತಿರುವಾಗ, ಇನ್ನೊಂದು ಕಡೆ ಅದೇ ಮನೆಯವರು ನೂರಕ್ಕೆ ತಿಂಗಳಿಗೆ ಎರಡು ಮೂರು ರೂಪಾಯಿನ ಬಡ್ಡಿಗೆ ಸಾಲಮಾಡಿ ಜಮೀನನ್ನು ಭೋಗ್ಯಕ್ಕೆ ಹಾಕುವುದು ವ್ಯವಸಾಯದ ದೃಷ್ಟಿಯಿಂದಲೂ ಹಾನಿಕರವಾದುದರಿಂದ, ಈ ವಿಷಯವನ್ನು ಈ ಪತ್ರಿಕೆಯಲ್ಲಿ ಬರೆಯುವುದು ಅಸಂಗತವಾಗಲಾರದೆಂದು ಭಾವಿಸುತ್ತೇನೆ.

ಇಂತಹ ಹಣವು ಅಲ್ಪಸ್ವಲ್ಪವೆಂದು ಯಾರೂ ತಿಳಿಯಬಾರದು. ಬ್ಯಾಂಕುಗಳಲ್ಲಿ ಕೇಳುವವರಿಲ್ಲದೆ ಉಳಿದು ರಿಜರ್ವ್ ಬ್ಯಾಂಕಿನ ವಶಕ್ಕೆ ಬಂದ ಠೇವಣಿಗಳ ಮೊತ್ತವು 2024ನೆಯ ಇಸವಿ ಮಾರ್ಚ್ ಅಂತ್ಯಕ್ಕೆ 78,213 ಕೋಟಿ ರೂಪಾಯಿಗಳಾಗಿದ್ದಿತು. ಅಂಚೆ ಕಚೇರಿಯ ಉಳಿತಾಯ, ಜೀವವಿಮೆ, ಕಂಪೆನಿಗಳ ಲಾಭಾಂಶ, ನ್ಯಾಯಾಲಯಗಳಲ್ಲಿರುವ ಭೂಸ್ವಾಧೀನದ ಪರಿಹಾರ ಇವು ಈ ಲೆಕ್ಕದಲ್ಲಿ ಸೇರಿಲ್ಲ.

ಮೊದಲು ಒಂದು ಅಂಶವನ್ನು ಸ್ಪಷ್ಟಪಡಿಸಬೇಕು. “ಹತ್ತು ವರ್ಷವಾದರೆ ಹಣ ಸರ್ಕಾರಕ್ಕೆ ಹೋಯಿತು, ಇನ್ನು ಅದರ ಮಾತೇಕೆ?” ಎಂದು ಹೇಳುವ ಹಿರಿಯರನ್ನು ನಾನು ಅನೇಕ ಕಡೆ ಕಂಡಿದ್ದೇನೆ. ಈ ಅಭಿಪ್ರಾಯವು ತಪ್ಪು. ದೊಡ್ಡಿಗೆ ಹೊಡೆದ ದನವು ಅದರ ಒಡೆಯನದಾಗಿಯೇ ಉಳಿಯುವಂತೆ, ಸರ್ಕಾರದ ನಿಧಿಗೆ ಸೇರಿದ ಠೇವಣಿಯೂ ಠೇವಣಿದಾರನದಾಗಿಯೇ ಉಳಿಯುತ್ತದೆ. ದೊಡ್ಡಿಯ ದನವನ್ನಾದರೋ ಕೆಲವು ದಿನಗಳಲ್ಲಿ ಹರಾಜು ಹಾಕುವರು. ಈ ಹಣಕ್ಕೆ ಹರಾಜೂ ಇಲ್ಲ. 1949ನೆಯ ಇಸವಿಯ ಬ್ಯಾಂಕಿಂಗ್ ರೆಗ್ಯುಲೇಷನ್ ಕಾಯಿದೆಗೆ 2012ರ ತಿದ್ದುಪಡಿಯಿಂದ 26-ಎ ಎಂಬ ಪ್ರಕರಣವು ಸೇರಿತು. ಅದರ ಮೇರೆಗೆ 2014ನೆಯ ಇಸವಿಯಲ್ಲಿ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿ ಎಂಬುದನ್ನು ರಿಜರ್ವ್ ಬ್ಯಾಂಕಿನವರು ಸ್ಥಾಪಿಸಿದರು. ಹತ್ತು ವರ್ಷ ಕಾಲ ವ್ಯವಹಾರವಿಲ್ಲದೆ ಇದ್ದ ಉಳಿತಾಯ ಖಾತೆಗಳ ಹಣವನ್ನೂ, ಅವಧಿ ತೀರಿದ ಮೇಲೆ ಹತ್ತು ವರ್ಷ ಕಾಲ ಯಾರೂ ಕೇಳದ ನಿಶ್ಚಿತ ಠೇವಣಿಗಳ ಹಣವನ್ನೂ ಬ್ಯಾಂಕಿನವರು ಈ ನಿಧಿಗೆ ಕಟ್ಟತಕ್ಕದ್ದು. ಆದರೆ ಠೇವಣಿದಾರನಾಗಲಿ ಅವನ ವಾರಸುದಾರರಾಗಲಿ ಯಾವಾಗ ಬಂದು ಕೇಳಿದರೂ ಬ್ಯಾಂಕಿನವರು ಮೊದಲು ತಾವೇ ಹಣವನ್ನು ಕೊಟ್ಟು, ಆಮೇಲೆ ನಿಧಿಯಿಂದ ವಸೂಲುಮಾಡಿಕೊಳ್ಳತಕ್ಕದ್ದಾಗಿದೆ. ಆದುದರಿಂದ ರೈತನು ಬೊಂಬಾಯಿಯ ರಿಜರ್ವ್ ಬ್ಯಾಂಕಿಗೆ ಅರ್ಜಿ ಬರೆಯಬೇಕಾದ ಅಗತ್ಯವಿಲ್ಲ. ಅವನ ವ್ಯವಹಾರವು ಹಣವಿಟ್ಟ ಬ್ಯಾಂಕಿನೊಡನೆಯೇ. ಈ ಬಾಬ್ತಿಗೆ ಕಾಲದ ಮಿತಿಯೂ ಇಲ್ಲ.

ಹಕ್ಕು ಸಾಯದಿದ್ದರೂ ತಡದಿಂದ ನಷ್ಟವುಂಟು. ನಿಧಿಗೆ ಹೋದ ಬಡ್ಡಿಯುಳ್ಳ ಠೇವಣಿಗಳಿಗೆ 2018ನೆಯ ಇಸವಿ ಜೂನ್ ಅಂತ್ಯದವರೆಗೆ ನೂರಕ್ಕೆ ವರ್ಷಕ್ಕೆ 4 ರೂಪಾಯಿನಂತೆಯೂ, ಅನಂತರ ಮೂರೂವರೆ ರೂಪಾಯಿನಂತೆಯೂ, 2021ನೆಯ ಇಸವಿ ಮೇ 11ರಿಂದ 3 ರೂಪಾಯಿನಂತೆಯೂ ಸರಳ ಬಡ್ಡಿಯನ್ನು ಗೊತ್ತುಮಾಡಿದರು. ಇದು ಚಕ್ರಬಡ್ಡಿಯಲ್ಲ. 20,000 ರೂಪಾಯಿಗಳಿಗೆ 3 ರೂಪಾಯಿನ ದರದಲ್ಲಿ ಐದು ವರ್ಷಕ್ಕೆ 3,000 ರೂಪಾಯಿಗಳಾಗುವುದು. ಅಷ್ಟೇ ಹಣವನ್ನು ರೈತನು ತಿಂಗಳಿಗೆ ಎರಡು ರೂಪಾಯಿನ ಬಡ್ಡಿಗೆ ಸಾಲ ತಂದಿದ್ದರೆ ಅದೇ ಐದು ವರ್ಷಕ್ಕೆ 24,000 ರೂಪಾಯಿ ಬಡ್ಡಿಯನ್ನು ತೆರಬೇಕಾಗುವುದು. ಈ ಎರಡು ಅಂಕಿಗಳ ನಡುವಣ ಅಂತರವೇ ಮನೆಯ ಪೆಟ್ಟಿಗೆಯನ್ನು ಹುಡುಕದಿರುವುದರ ಬೆಲೆ.

ಹತ್ತು ವರ್ಷವಾಗದೆ ಇರುವ ಖಾತೆಗಳ ವಿಷಯದಲ್ಲಿಯೂ ಒಂದು ಮಾತು. ಎರಡು ವರ್ಷಗಳಿಗೆ ಮೇಲ್ಪಟ್ಟು ಹಣ ಹಾಕದೆಯೂ ತೆಗೆಯದೆಯೂ ಇದ್ದ ಖಾತೆಯನ್ನು ಬ್ಯಾಂಕಿನವರು ನಿಷ್ಕ್ರಿಯವೆಂದು ಗುರುತಿಸುವರು. 2024ನೆಯ ಇಸವಿ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಜರ್ವ್ ಬ್ಯಾಂಕಿನ ಆಜ್ಞೆಯಂತೆ, ಅಂತಹ ಖಾತೆಯಲ್ಲಿ ಕನಿಷ್ಠ ಮೊಬಲಗು ಇಲ್ಲವೆಂದು ದಂಡವನ್ನು ಹಾಕಕೂಡದು. ಅದನ್ನು ಪುನಃ ಚಾಲ್ತಿಗೆ ತರುವುದಕ್ಕೆ ಶುಲ್ಕವನ್ನು ತೆಗೆದುಕೊಳ್ಳಕೂಡದು. ಉಳಿತಾಯ ಖಾತೆಗೆ ಬಡ್ಡಿಯನ್ನು ಕಟ್ಟುತ್ತಲೇ ಇರಬೇಕು. ಗುರುತಿನ ಪತ್ರ ಮತ್ತು ಭಾವಚಿತ್ರಗಳೊಡನೆ ಹೋದರೆ ಖಾತೆಯನ್ನು ಜೀವಂತಗೊಳಿಸಬಹುದು. ಖಾತೆಯಿದ್ದ ಶಾಖೆಗೇ ಹೋಗಬೇಕೆಂಬ ನಿರ್ಬಂಧವನ್ನೂ ತೆಗೆದುಹಾಕಿರುವರು.

ಇನ್ನು ಹುಡುಕುವ ಕ್ರಮ. ಹಳೆಯ ಪಾಸ್ ಪುಸ್ತಕವಾಗಲಿ ರಶೀತಿಯಾಗಲಿ ಸಿಕ್ಕಿದ ಕೂಡಲೇ ಅನೇಕರಿಗೆ ತೋರುವ ಮೊದಲನೆಯ ತೊಡಕು, ಅದರ ಮೇಲೆ ಅಚ್ಚಾಗಿರುವ ಹೆಸರಿನ ಬ್ಯಾಂಕು ಈಗ ಎಲ್ಲಿಯೂ ಕಾಣದಿರುವುದು. ಬ್ಯಾಂಕು ಮುಳುಗಿತೆಂದು ತಿಳಿದು ರಶೀತಿಯನ್ನು ಹರಿದುಹಾಕಿದವರೂ ಇದ್ದಾರೆ. ನಿಜವಾಗಿ ಆ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿವೆ. ವಿಲೀನವಾದಾಗ ಅವುಗಳ ಸಾಲ ಠೇವಣಿಗಳೆಲ್ಲವೂ ಹೊಸ ಬ್ಯಾಂಕಿನ ಹೊಣೆಯಾದವು. 1913ರಲ್ಲಿ ಸ್ಥಾಪಿತವಾದ ಮೈಸೂರು ಬ್ಯಾಂಕು 2017ನೆಯ ಇಸವಿ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ವಿಜಯ ಬ್ಯಾಂಕು 2019ರ ಏಪ್ರಿಲ್ 1ರಂದು ಬರೋಡಾ ಬ್ಯಾಂಕಿನಲ್ಲಿಯೂ, ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿಯೂ ಐಕ್ಯವಾದವು. ದಿನಂಪ್ರತಿ ಅಂಗಡಿ ಮನೆಗಳಿಗೆ ಬಂದು ಪುಡಿಗಾಸನ್ನು ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ಉಡುಪಿಯಲ್ಲಿ ಆರಂಭಿಸಿದುದು ಈ ಸಿಂಡಿಕೇಟ್ ಬ್ಯಾಂಕೇ. ಆ ಬಗೆಯ ಸಣ್ಣ ಖಾತೆಗಳು ಸಂತೆಯೂರುಗಳಲ್ಲಿ ಎಷ್ಟು ಮರೆತುಹೋಗಿರುವವೋ ಹೇಳಲಾಗದು.

ಗ್ರಾಮೀಣ ಬ್ಯಾಂಕುಗಳ ವಂಶಾವಳಿಯು ಇದಕ್ಕಿಂತಲೂ ತೊಡಕಾದುದು. ತುಂಗಭದ್ರಾ, ಚಿತ್ರದುರ್ಗ, ಕೋಲಾರ, ಸಹ್ಯಾದ್ರಿ ಗ್ರಾಮೀಣ ಬ್ಯಾಂಕುಗಳು ಸೇರಿ ಪ್ರಗತಿ ಗ್ರಾಮೀಣ ಬ್ಯಾಂಕಾಗಿ, ಅನಂತರ ಕೃಷ್ಣಾ ಗ್ರಾಮೀಣ ಬ್ಯಾಂಕಿನೊಡನೆ ಸೇರಿ ಪ್ರಗತಿ ಕೃಷ್ಣಾ ಎಂಬ ಹೆಸರನ್ನು ಪಡೆದವು. ಕಾವೇರಿ ಕಲ್ಪತರು, ಚಿಕ್ಕಮಗಳೂರು-ಕೊಡಗು, ವಿಶ್ವೇಶ್ವರಯ್ಯ ಎಂಬ ಮೂರು ಬ್ಯಾಂಕುಗಳು ಕೂಡಿ ಕಾವೇರಿ ಗ್ರಾಮೀಣ ಬ್ಯಾಂಕಾಯಿತು. ಮಲಪ್ರಭಾ, ಬಿಜಾಪುರ, ವರದಾ, ನೇತ್ರಾವತಿ ಬ್ಯಾಂಕುಗಳು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾದವು. ಪ್ರಗತಿ ಕೃಷ್ಣಾ ಮತ್ತು ಕಾವೇರಿ ಬ್ಯಾಂಕುಗಳು 2019ನೆಯ ಇಸವಿಯಲ್ಲಿ ಒಂದಾದವು. ವಿಕಾಸ ಬ್ಯಾಂಕು 2025ನೆಯ ಇಸವಿ ಮೇ 1ರಂದು ಅದರೊಡನೆ ಕೂಡಿತು. ಹೀಗೆ ಮೇಲ್ಕಂಡ ಯಾವ ಹೆಸರಿನ ರಶೀತಿಯಿದ್ದರೂ ಅದನ್ನು ತೆಗೆದುಕೊಂಡು ಹೋಗಬೇಕಾದುದು ಬಳ್ಳಾರಿಯಲ್ಲಿ ಮುಖ್ಯ ಕಚೇರಿಯುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಶಾಖೆಗೆ.

ಕೈಯಲ್ಲಿ ಕಾಗದವೇ ಇಲ್ಲದಿದ್ದರೆ ಹೆಸರಿನಿಂದ ಹುಡುಕಬೇಕು. ಇದಕ್ಕೋಸ್ಕರ ರಿಜರ್ವ್ ಬ್ಯಾಂಕಿನವರು 2023ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ‘ಉದ್ಗಮ್’ ಎಂಬ ಜಾಲತಾಣವನ್ನು ತೆರೆದರು. 2024ರ ಮಾರ್ಚ್ ವೇಳೆಗೆ ಮೂವತ್ತು ಬ್ಯಾಂಕುಗಳು ಇದರಲ್ಲಿ ಸೇರಿದ್ದು, ಕೇಳುವವರಿಲ್ಲದ ಠೇವಣಿಗಳಲ್ಲಿ ಮೌಲ್ಯದ ಪ್ರಕಾರ ನೂರಕ್ಕೆ ತೊಂಬತ್ತರಷ್ಟು ಇದರಲ್ಲಿ ಅಡಕವಾಗಿದ್ದವು. ಮೊಬೈಲ್ ಸಂಖ್ಯೆಯಿಂದ ನೋಂದಾಯಿಸಿಕೊಂಡು, ಖಾತೆದಾರನ ಹೆಸರನ್ನೂ ಬ್ಯಾಂಕಿನ ಹೆಸರನ್ನೂ ಕೊಟ್ಟು, ಪ್ಯಾನ್ ಸಂಖ್ಯೆ, ಮತದಾರರ ಗುರುತಿನ ಚೀಟಿ, ವಾಹನ ಚಾಲನೆಯ ಪರವಾನಗಿ, ಪಾಸ್‌ಪೋರ್ಟ್, ಹುಟ್ಟಿದ ತಾರೀಖು ಇವುಗಳಲ್ಲಿ ಯಾವುದಾದರೊಂದನ್ನು ಬರೆಯಬೇಕು. ಇವು ಯಾವುವೂ ತಿಳಿಯದಿದ್ದರೆ ವಿಳಾಸವನ್ನು ಕೊಡಬೇಕು. ಶುಲ್ಕವಿಲ್ಲ. ಖಾತೆ ದೊರೆತರೆ ಅದಕ್ಕೊಂದು ಉಲ್ಲೇಖ ಸಂಖ್ಯೆಯು ತೋರುವುದು. ಅದನ್ನು ಗುರುತುಹಾಕಿಕೊಂಡು ಬ್ಯಾಂಕಿಗೆ ಹೋಗಬೇಕು. ಈ ತಾಣವು ಹುಡುಕಿಕೊಡುವುದೇ ಹೊರತು ಹಣವನ್ನು ಕೊಡುವುದಿಲ್ಲ.

ಇಲ್ಲಿ ವಾಚಕರು ಸ್ವಲ್ಪ ನಿಧಾನಿಸಬೇಕು. ಹುಡುಕಿದವರಲ್ಲಿ ಅನೇಕರು ಒಂದು ಸಲ ಹೆಸರು ಬರೆದು, ‘ಇಲ್ಲ’ ಎಂಬ ಉತ್ತರ ಬಂದ ಕೂಡಲೇ ಬಿಟ್ಟುಬಿಡುವರು. ನಮ್ಮ ಜನರ ಹೆಸರುಗಳು ಲೆಡ್ಜರಿನಲ್ಲಿ ಇಂಗ್ಲಿಷ್ ಅಕ್ಷರಗಳಿಂದ ಬರೆಯಲ್ಪಟ್ಟವು. ಬರೆದ ಗುಮಾಸ್ತರು ಒಂದೊಂದು ಊರಿನವರು. ಗೌಡ ಎಂಬ ಎರಡಕ್ಷರವನ್ನೇ ಒಬ್ಬರು ‘ಜಿ ಒ ಡಬ್ಲ್ಯು ಡಿ ಎ’ ಎಂದು ಬರೆದರೆ ಇನ್ನೊಬ್ಬರು ‘ಜಿ ಒ ಯು ಡಿ ಎ’ ಎಂದು ಬರೆಯುವರು. ಬಸವೇಗೌಡ ಎಂಬುದು ಒಂದು ಕಡೆ ಕೂಡಿಯೂ ಇನ್ನೊಂದು ಕಡೆ ಬಿಡಿಸಿಯೂ ಇರುವುದು. ತಿಮ್ಮಯ್ಯನ ಮೊದಲಕ್ಷರಕ್ಕೆ ಕೆಲವರು ‘ಟಿ’ ಒಂದನ್ನೇ ಹಾಕುವರು, ಕೆಲವರು ‘ಟಿ ಎಚ್’ ಎಂದು ಎರಡನ್ನು ಹಾಕುವರು. ಲಕ್ಷ್ಮಮ್ಮನ ಹೆಸರಿನಲ್ಲಿ ‘ಎಕ್ಸ್’ ಇರುವುದೂ ಉಂಟು, ‘ಕೆ ಎಸ್ ಎಚ್’ ಇರುವುದೂ ಉಂಟು. ಊರಿನ ಮೊದಲಕ್ಷರವು ಹೆಸರಿನ ಮುಂದೆಯೋ ಹಿಂದೆಯೋ ಇರಬಹುದು, ಇಲ್ಲದೆಯೂ ಇರಬಹುದು. ‘ಬಿನ್’ ಎಂದೂ ‘ಕೋಂ’ ಎಂದೂ ಬರೆದುದನ್ನು ಹೆಸರಿನ ಭಾಗವೆಂದೇ ತಿಳಿದು ಸೇರಿಸಿದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದಕಾರಣ ಒಂದು ಹೆಸರನ್ನು ಏಳೆಂಟು ರೂಪಗಳಲ್ಲಿ ಬರೆದಿಟ್ಟುಕೊಂಡು, ಒಂದೊಂದನ್ನೇ ಹುಡುಕತಕ್ಕದ್ದು. ಹೆಂಗಸರ ಖಾತೆಯು ಗಂಡನ ಊರಿನಲ್ಲಿ ಸಿಕ್ಕದಿದ್ದರೆ ತೌರೂರಿನ ವಿಳಾಸದಿಂದಲೂ ತಂದೆಯ ಹೆಸರಿನಿಂದಲೂ ಹುಡುಕಬೇಕು. ಹುಟ್ಟಿದ ತಾರೀಖನ್ನು ಶಾಲೆಯ ದಾಖಲೆಯಲ್ಲಿದ್ದಂತೆ ಒಮ್ಮೆಯೂ ಮತದಾರರ ಚೀಟಿಯಲ್ಲಿದ್ದಂತೆ ಒಮ್ಮೆಯೂ ಕೊಟ್ಟು ನೋಡಬೇಕು. ನಮ್ಮ ಹಿರಿಯರ ಪೈಕಿ ಅನೇಕರು ಜನವರಿ 1 ಅಥವಾ ಜೂನ್ 1ರಂದು ಹುಟ್ಟಿರುವುದು ಆಶ್ಚರ್ಯವಾದರೂ ದಾಖಲೆಗಳು ಹಾಗೆಯೇ ಹೇಳುತ್ತವೆ.

ಈ ತಾಣದಲ್ಲಿ ವ್ಯಕ್ತಿಗಳ ಹೆಸರಲ್ಲದೆ ಸಂಸ್ಥೆಗಳ ಹೆಸರನ್ನೂ ಹುಡುಕಬಹುದು. ಗ್ರಾಮದ ಪ್ರಮುಖರು ಇದನ್ನು ಗಮನಿಸಬೇಕು. ದೇವಸ್ಥಾನದ ಜೀರ್ಣೋದ್ಧಾರ ಸಮಿತಿ, ಶಾಲೆಯ ಕಟ್ಟಡ ಸಮಿತಿ, ಕೆರೆ ಬಳಕೆದಾರರ ಸಂಘ, ಯುವಕ ಸಂಘ ಇವುಗಳ ಹೆಸರಿನಲ್ಲಿ ವಂತಿಗೆ ಎತ್ತಿ ಬ್ಯಾಂಕಿಗೆ ಹಾಕಿ, ಅಧ್ಯಕ್ಷ ಕಾರ್ಯದರ್ಶಿಗಳು ತೀರಿಕೊಂಡ ಮೇಲೆ ಅಥವಾ ಪಕ್ಷಭೇದವುಂಟಾದ ಮೇಲೆ ಯಾರೂ ಮುಟ್ಟದೆ ಬಿಟ್ಟ ಖಾತೆಗಳು ಹಲವು ಊರುಗಳಲ್ಲಿವೆ. ಹಳೆಯ ನಡಾವಳಿ ಪುಸ್ತಕವನ್ನು ತೆಗೆದು ನೋಡಿದರೆ ಖಾತೆಯ ಸಂಖ್ಯೆಯು ದೊರೆಯುವ ಸಂಭವವುಂಟು.

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಠೇವಣಿಗಳು ಮಾತ್ರ ಮೇಲೆ ಹೇಳಿದ ನಿಧಿಗೆ ಸೇರತಕ್ಕವಲ್ಲ. ಆ ಸಂಘಗಳು ಕಾನೂನಿನ ಪ್ರಕಾರ ಬ್ಯಾಂಕುಗಳಲ್ಲದಿರುವುದೇ ಇದಕ್ಕೆ ಕಾರಣ. ಅಲ್ಲಿಟ್ಟ ಹಣವನ್ನೂ ಷೇರನ್ನೂ ಸಂಘದ ಕಾರ್ಯದರ್ಶಿಯಲ್ಲಿಯೇ ವಿಚಾರಿಸಿ, ಸಮಾಧಾನಕರವಾದ ಉತ್ತರ ಬರದಿದ್ದರೆ ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ಬರೆದುಕೊಳ್ಳಬೇಕು. ಕಂಪೆನಿಗಳಲ್ಲಿ ಷೇರು ಹೊಂದಿದ್ದವರ ಲಾಭಾಂಶವು ಏಳು ವರ್ಷ ಕಾಲ ಕೇಳಲ್ಪಡದಿದ್ದರೆ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗುವುದು.

ಅಂಚೆ ಕಚೇರಿಯ ಬಾಬ್ತು ರೈತರಿಗೆ ಹೆಚ್ಚು ಸಮೀಪವಾದುದು. 1988ರಲ್ಲಿ ಆರಂಭವಾದ ಕಿಸಾನ್ ವಿಕಾಸ ಪತ್ರಗಳನ್ನು ಅಡಿಕೆ, ಕಬ್ಬು, ರೇಷ್ಮೆಗಳ ಹಣ ಕೈಗೆ ಬಂದಾಗ ಕೊಂಡಿಟ್ಟವರು ಬಹಳ ಮಂದಿ. 2011ರಲ್ಲಿ ನಿಂತು 2014ರಲ್ಲಿ ಪುನಃ ಬಂದ ಈ ಪತ್ರಗಳಲ್ಲಿ ಹಳೆಯವು ಎಂದೋ ಅವಧಿ ತೀರಿ ಕುಳಿತಿವೆ. ಅಂಚೆಯ ಉಳಿತಾಯಗಳೂ ಜೀವವಿಮೆಯ ಹಣವೂ ಹತ್ತು ವರ್ಷ ಕಾಲ ಯಾರೂ ಕೇಳದಿದ್ದರೆ, 2015ರ ಕಾನೂನಿನಂತೆ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಸೇರತಕ್ಕವು. ಅಲ್ಲಿ ಸೇರಿದ ಮೇಲೂ ಹಕ್ಕುದಾರರು ಕೇಳಿ ಪಡೆಯಬಹುದು. ಆದರೆ ಇಪ್ಪತ್ತೈದು ವರ್ಷಗಳವರೆಗೆ ಮಾತ್ರ. ಅದು ಮೀರಿದರೆ ಆ ಹಣವು ಪೂರ್ತಿಯಾಗಿ ಕೇಂದ್ರ ಸರ್ಕಾರದ ಸ್ವತ್ತಾಗುವುದು. ಬ್ಯಾಂಕಿನ ಠೇವಣಿಗೂ ಅಂಚೆಯ ಠೇವಣಿಗೂ ಇರುವ ಈ ಭೇದವನ್ನು ಮರೆಯಕೂಡದು. ಅಂಚೆ ಕಚೇರಿಯಲ್ಲಿ ನಾಮನಿರ್ದೇಶನವಿಲ್ಲದೆ ಖಾತೆದಾರನು ತೀರಿಕೊಂಡಿದ್ದರೆ, ಐದು ಲಕ್ಷ ರೂಪಾಯಿಗಳವರೆಗಿನ ಮೊಬಲಗನ್ನು ನ್ಯಾಯಾಲಯದ ಸರ್ಟಿಫಿಕೇಟಿಲ್ಲದೆ, ಪ್ರಮಾಣಪತ್ರ, ಇತರ ವಾರಸುದಾರರ ಒಪ್ಪಿಗೆ, ನಷ್ಟಭರ್ತಿಯ ಮುಚ್ಚಳಿಕೆ ಇವುಗಳ ಮೇಲೆ ಕೊಡಬಹುದಾಗಿದೆ. 1986ರಿಂದ 1999ರವರೆಗೆ ಮಾರಿದ ಇಂದಿರಾ ವಿಕಾಸ ಪತ್ರಗಳಲ್ಲಿ ಮಾತ್ರ ಕೊಂಡವನ ಹೆಸರೇ ಇರಲಿಲ್ಲ. ಅವು ನೋಟಿನಂತೆ ಕೈಯಲ್ಲಿದ್ದವನ ಸ್ವತ್ತು. ಅವು ಗೆದ್ದಲಿಗೆ ಹೋಗಿದ್ದರೆ ಮಾಡುವುದೇನೂ ಉಳಿದಿಲ್ಲ.

ವಿಮೆಯ ಪ್ರಸ್ತಾಪ ಬಂದುದರಿಂದ ಇನ್ನೊಂದು ಮಾತು. ಮನೆಯವರು ಯಾರಾದರೂ ತೀರಿಕೊಂಡಾಗ ಅವರ ಪಾಸ್ ಪುಸ್ತಕದಲ್ಲಿ ಮೇ ತಿಂಗಳ ಅಂತ್ಯದ ಸುಮಾರಿಗೆ 436 ರೂಪಾಯಿ ಅಥವಾ 20 ರೂಪಾಯಿ ಕಳೆದಿದೆಯೇ ಎಂಬುದನ್ನು ನೋಡಬೇಕು. 2022ರ ಜೂನಿಗೆ ಮೊದಲು ಈ ಮೊಬಲಗುಗಳು 330 ಮತ್ತು 12 ಆಗಿದ್ದವು. ಮೊದಲನೆಯದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆ, ಎರಡನೆಯದು ಸುರಕ್ಷಾ ವಿಮೆ. ಮೊದಲನೆಯದರಲ್ಲಿ ಯಾವ ಕಾರಣದಿಂದ ಮರಣವಾದರೂ, ಎರಡನೆಯದರಲ್ಲಿ ಅಪಘಾತದಿಂದ ಮರಣವಾದರೆ, ಎರಡು ಲಕ್ಷ ರೂಪಾಯಿ ಬರತಕ್ಕದ್ದು. ಹೊಲದಲ್ಲಿ ಹಾವು ಕಚ್ಚಿ ಸತ್ತವನ ಮನೆಯವರಿಗೆ ಈ ಇಪ್ಪತ್ತು ರೂಪಾಯಿನ ವಿಷಯ ತಿಳಿಯದೆ ಹೋಗುವುದು ಶೋಚನೀಯ.

ಹಣ ದೊರೆತ ಮೇಲೆ ಅದನ್ನು ಯಾರು ಪಡೆಯಬೇಕೆಂಬ ಪ್ರಶ್ನೆಯು ಹುಡುಕುವುದಕ್ಕಿಂತಲೂ ಕಠಿಣವಾದುದು. ಖಾತೆದಾರನು ಯಾರನ್ನಾದರೂ ನಾಮನಿರ್ದೇಶನ ಮಾಡಿದ್ದರೆ ಅವರ ಕೈಗೆ ಬ್ಯಾಂಕಿನವರು ಹಣ ಕೊಟ್ಟು ಹೊಣೆಯಿಂದ ಬಿಡುಗಡೆ ಹೊಂದುವರು. ಆದರೆ ನಾಮನಿರ್ದೇಶಿತನು ಒಡೆಯನಲ್ಲ. ಎಲ್ಲ ವಾರಸುದಾರರ ಪರವಾಗಿ ಹಣವನ್ನು ಪಡೆಯುವವನು ಮಾತ್ರ. 2025ನೆಯ ಇಸವಿ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ಹೆಸರಿಸಬಹುದೆಂದು ಕಾನೂನಾಗಿದೆ. ನಾಮನಿರ್ದೇಶನವಿಲ್ಲದಿದ್ದರೆ ಮರಣದ ದಾಖಲೆ, ವಂಶವೃಕ್ಷ, ವಾರಸುದಾರರೆಲ್ಲರ ಒಪ್ಪಿಗೆ ಇವು ಬೇಕು. ಮೊಬಲಗು ದೊಡ್ಡದಾಗಿದ್ದರೆ ಅಥವಾ ತಕರಾರಿದ್ದರೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಮೇರೆಗೆ ಸಿವಿಲ್ ನ್ಯಾಯಾಲಯದಿಂದ ಉತ್ತರಾಧಿಕಾರದ ಸರ್ಟಿಫಿಕೇಟನ್ನು ತರಬೇಕು. ಮರಣವು ಒಂದು ವರ್ಷದೊಳಗೆ ನೋಂದಣಿಯಾಗದೆ ಹೋಗಿದ್ದರೆ ದಂಡಾಧಿಕಾರಿಯ ಆಜ್ಞೆ ಬೇಕಾಗುವುದು.

ವಂಶವೃಕ್ಷದ ಮಹಜರಿಗೆ ರುಜು ಹಾಕತಕ್ಕವರು ಈ ಲೇಖನದ ವಾಚಕರೇ ಆದುದರಿಂದ ಅವರಲ್ಲಿ ನನ್ನ ಒಂದು ಅರಿಕೆಯುಂಟು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ವಂಶವೃಕ್ಷದಲ್ಲಿ ಬಿಡುವ ಪದ್ಧತಿಯು ಇನ್ನೂ ನಿಂತಿಲ್ಲ. ಹಿಂದೂ ಗೃಹಸ್ಥನು ಮರಣಶಾಸನ ಬರೆಯದೆ ತೀರಿಕೊಂಡರೆ ಅವನ ಸ್ವಯಾರ್ಜಿತ ಹಣಕ್ಕೆ ಗಂಡುಮಕ್ಕಳು, ಹೆಣ್ಣುಮಕ್ಕಳು, ಹೆಂಡತಿ, ತಾಯಿ ಇವರೆಲ್ಲರೂ 1956ರ ಕಾಯಿದೆಯಂತೆ ಸಮಭಾಗಿಗಳು. ಒಬ್ಬರನ್ನು ಬಿಟ್ಟು ಬರೆದ ಕಾಗದವು ಮೊದಲನೆಯ ದಿನ ಸುಲಭವಾಗಿ ತೋರಿದರೂ ಮುಂದೆ ಎಲ್ಲವನ್ನೂ ನಿಲ್ಲಿಸಿಬಿಡುವುದು.

ಕೆಲವು ವರ್ಷಗಳ ಕೆಳಗೆ ಬೆಳೆಯ ಪರೀಕ್ಷೆಗಾಗಿ ಹೋಗಿದ್ದ ಒಂದು ಗ್ರಾಮದಲ್ಲಿ ವಿಧವೆಯೊಬ್ಬರು ತಗಡಿನ ಪೆಟ್ಟಿಗೆಯಿಂದ ಎರಡು ನಿಶ್ಚಿತ ಠೇವಣಿಯ ರಶೀತಿಗಳನ್ನು ತಂದು, “ಇವು ಏನಾದರೂ ಬಾಳುವುವೇ, ಸ್ವಾಮಿ?” ಎಂದು ಕೇಳಿದರು. ಮೊತ್ತವು 46,000 ರೂಪಾಯಿಗಳು. ಬ್ಯಾಂಕಿನಲ್ಲಿ ಎರಡು ಸಲ ‘ಈ ಹೆಸರಿನ ಖಾತೆಯಿಲ್ಲ’ ಎಂದು ಹೇಳಿ ಕಳುಹಿಸಿದ್ದರಂತೆ. ನೋಡಲಾಗಿ, ಹೊಸ ಲೆಕ್ಕದಲ್ಲಿ ಆಕೆಯ ಯಜಮಾನರ ಹೆಸರಿನ ಮುಂದೆ ಊರಿನ ಅಕ್ಷರವು ಸೇರಿ, ಕೊನೆಯ ‘ಯ್ಯ’ ಬಿಟ್ಟುಹೋಗಿದ್ದಿತು. ರಶೀತಿಯ ಮೇಲಿದ್ದ ಹಳೆಯ ಲೆಡ್ಜರ್ ಸಂಖ್ಯೆಯಿಂದ ಹುಡುಕಿದಾಗ ಅರ್ಧ ಗಂಟೆಯಲ್ಲಿ ಸಿಕ್ಕಿತು. ಅಲ್ಲಿಗೆ ಕೆಲಸ ಮುಗಿಯಬೇಕಾಗಿದ್ದಿತು. ಆದರೆ ಊರಿನವರು ಮಾಡಿಸಿಕೊಟ್ಟ ವಂಶವೃಕ್ಷದಲ್ಲಿ ಹಿರಿಯ ಮಗಳ ಹೆಸರಿರಲಿಲ್ಲ. ಆಕೆ ಆಕ್ಷೇಪಿಸಲು, ಮಹಜರನ್ನು ಪುನಃ ಮಾಡಿಸಿ, ಒಪ್ಪಿಗೆ ತರಿಸುವಷ್ಟರಲ್ಲಿ ಮತ್ತೊಂದು ವರ್ಷ ಕಳೆಯಿತು. ಆ ವರ್ಷದೊಳಗೆ ಆ ತಾಯಿಯು ನೀರಾವರಿಯ ಒಂದು ಎಕರೆಯನ್ನು ಭೋಗ್ಯಕ್ಕೆ ಹಾಕಿದ್ದರು. ಹಣ ಬಂದಿತು, ಜಮೀನು ಮಾತ್ರ ಭೋಗ್ಯದ ಅವಧಿ ಮುಗಿಯುವವರೆಗೆ ಬರಲಿಲ್ಲ. ಮೊದಲೇ ಮಗಳ ಹೆಸರನ್ನು ಬರೆದಿದ್ದರೆ ಆಕೆಯು ಒಪ್ಪಿಗೆ ಕೊಡುತ್ತಿದ್ದಳೆಂದು ಆಕೆಯೇ ನನ್ನೊಡನೆ ಹೇಳಿದಳು.

ಠೇವಣಿಯನ್ನು ಕೇಳಿದರೆ ತಂದೆಯ ಹಳೆಯ ಬೆಳೆಸಾಲಕ್ಕೆ ಬ್ಯಾಂಕಿನವರು ಮುರಿದುಕೊಳ್ಳುವರೆಂಬ ಭಯದಿಂದ ಸುಮ್ಮನಿರುವವರೂ ಉಂಟು. ಈ ಭಯವು ಪೂರ್ಣವಾಗಿ ನಿರಾಧಾರವಲ್ಲ. ಅದೇ ವ್ಯಕ್ತಿಯ ಸಾಲಕ್ಕೆ ಅದೇ ವ್ಯಕ್ತಿಯ ಠೇವಣಿಯನ್ನು ವಜಾ ಹಾಕಿಕೊಳ್ಳುವ ಅಧಿಕಾರವು ಬ್ಯಾಂಕಿಗಿದೆ. ಆದರೆ ಮೃತನ ಸಾಲಕ್ಕೆ ಮಕ್ಕಳು ಅವನಿಂದ ತಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆಗಾರರು. ಸುಮ್ಮನಿರುವುದರಿಂದ ಸಾಲವು ಕರಗುವುದಿಲ್ಲ, ಠೇವಣಿಯು ಬೆಳೆಯುವುದೂ ಇಲ್ಲ. ಲೆಕ್ಕವನ್ನು ಕೇಳಿ ತಿಳಿದುಕೊಳ್ಳುವುದರಿಂದ ನಷ್ಟವಿಲ್ಲವೆಂಬುದು ನನ್ನ ಅಭಿಪ್ರಾಯ.

ಭೂಮಾಲೀಕರಿಗೆ ಎಲ್ಲಕ್ಕಿಂತ ದೊಡ್ಡ ಮೊತ್ತವು ಸಿಕ್ಕಿಕೊಂಡಿರುವುದು ಭೂಸ್ವಾಧೀನದ ಪರಿಹಾರದಲ್ಲಿ. ಜಲಾಶಯ, ಕಾಲುವೆ, ರಸ್ತೆ, ರೈಲುಮಾರ್ಗ ಇವುಗಳಿಗಾಗಿ ಜಮೀನನ್ನು ತೆಗೆದುಕೊಂಡಾಗ, ಮಾಲೀಕನು ಹಣವನ್ನು ಒಪ್ಪದಿದ್ದರೂ, ಹಕ್ಕಿನ ಬಗ್ಗೆ ವ್ಯಾಜ್ಯವಿದ್ದರೂ, ಪರಭಾರೆ ಮಾಡಲು ಅರ್ಹನಾದವನು ಇಲ್ಲದಿದ್ದರೂ, 1894ರ ಕಾಯಿದೆಯ 31ನೆಯ ಪ್ರಕರಣದಂತೆ ಹಣವನ್ನು ನ್ಯಾಯಾಲಯದಲ್ಲಿ ಠೇವಣಿ ಮಾಡುತ್ತಿದ್ದರು. 2014ನೆಯ ಇಸವಿ ಜನವರಿ 1ರಿಂದ ಜಾರಿಗೆ ಬಂದ 2013ರ ಕಾಯಿದೆಯಲ್ಲಿ 77ನೆಯ ಪ್ರಕರಣದಂತೆ ಅದಕ್ಕಾಗಿ ನೇಮಿಸಿದ ಪ್ರಾಧಿಕಾರದಲ್ಲಿ ಕಟ್ಟತಕ್ಕದ್ದು. ನಮ್ಮ ಕಡೆ ಇದಕ್ಕೆ ಬಹುಮಟ್ಟಿನ ಕಾರಣವು ವ್ಯಾಜ್ಯವೂ ಅಲ್ಲ, ಹಟವೂ ಅಲ್ಲ. ತಾತನು ತೀರಿಕೊಂಡ ಮೇಲೆ ಪೌತಿ ಖಾತೆಯನ್ನು ಮಾಡಿಸದೆ ಇದ್ದುದು. ಪಹಣಿಯಲ್ಲಿ ಸತ್ತವನ ಹೆಸರಿದೆ. ನೋಟೀಸು ಸತ್ತವನಿಗೆ ಹೋಗುತ್ತದೆ. ಹಣವು ನ್ಯಾಯಾಲಯಕ್ಕೆ ಹೋಗುತ್ತದೆ. ಮೊಮ್ಮಕ್ಕಳು ಕೆಲಸಕ್ಕಾಗಿ ಪಟ್ಟಣಗಳಿಗೆ ಚದರಿರುತ್ತಾರೆ.

ಇಂತಹ ಹಣವನ್ನು ಉದ್ಗಮ್ ತಾಣದಲ್ಲಿ ಹುಡುಕಿ ಪ್ರಯೋಜನವಿಲ್ಲ. ಸರ್ವೆ ನಂಬರಿನಿಂದ ಆರಂಭಿಸಬೇಕು. ಹಳೆಯ ಪಹಣಿಗಳನ್ನು ತೆಗೆಸಿ, ಸ್ವಾಧೀನದ ಉಲ್ಲೇಖವಿದೆಯೇ ಎಂಬುದನ್ನು ನೋಡಿ, ವಿಶೇಷ ಭೂಸ್ವಾಧೀನಾಧಿಕಾರಿಗಳ ಕಚೇರಿಯಲ್ಲಿ ಐತೀರ್ಪಿನ ನಕಲಿಗೆ ಅರ್ಜಿ ಕೊಡಬೇಕು. ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೂ ಇದನ್ನು ಕೇಳಬಹುದು. ಐತೀರ್ಪಿನಲ್ಲಿ ಎಷ್ಟು ವಿಸ್ತೀರ್ಣಕ್ಕೆ ಎಷ್ಟು ಹಣವೆಂಬುದೂ, ಅದನ್ನು ಕೊಟ್ಟಿದೆಯೇ ಇಲ್ಲವೇ ಯಾವ ನ್ಯಾಯಾಲಯಕ್ಕೆ ಕಳುಹಿಸಿದೆ ಎಂಬುದೂ ತಿಳಿಯುವುದು. ಆಮೇಲೆ ವಕೀಲರ ಮೂಲಕ ವಾರಸುದಾರಿಕೆಯ ದಾಖಲೆಗಳೊಡನೆ ಆ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಖಜಾನೆಯ ನಿಯಮಗಳಲ್ಲಿ ಗೊತ್ತುಪಡಿಸಿದ ವರ್ಷಗಳು ಮೀರಿದ ನ್ಯಾಯಾಲಯದ ಠೇವಣಿಗಳನ್ನು ಸರ್ಕಾರದ ಲೆಕ್ಕಕ್ಕೆ ಜಮಾ ಮಾಡುವುದುಂಟು. ಹಾಗಾಗಿದ್ದರೂ ನ್ಯಾಯಾಲಯದ ಆಜ್ಞೆ ಮತ್ತು ಅಕೌಂಟೆಂಟ್ ಜನರಲ್ ಅವರ ಮಂಜೂರಾತಿಯಿಂದ ವಾಪಸು ಪಡೆಯಬಹುದಾದುದರಿಂದ ‘ಖಜಾನೆಗೆ ಹೋಯಿತು’ ಎಂಬ ಉತ್ತರಕ್ಕೆ ಯಾರೂ ಹಿಂದಿರುಗಬಾರದು. ವ್ಯಾಜ್ಯವು ಇನ್ನೂ ಮುಗಿಯದೆ ಇದ್ದರೆ, ಅದು ಮುಗಿಯುವವರೆಗೆ ಹಣವನ್ನು ಬಡ್ಡಿ ಬರುವಂತೆ ಹೂಡಬೇಕೆಂದು ಕೇಳಿಕೊಳ್ಳುವುದಕ್ಕೂ ಕಾಯಿದೆಯಲ್ಲಿ ಅವಕಾಶವಿದೆ. ಅಣ್ಣತಮ್ಮಂದಿರು ಹತ್ತು ವರ್ಷ ಹೋರಾಡುವ ಕಡೆಗಳಲ್ಲಿ ಈ ಒಂದು ಅರ್ಜಿಯನ್ನು ಹಾಕದೆ ಬಿಡುವುದು ದೊಡ್ಡ ನಷ್ಟ. ಪರಿಹಾರವು ಕಡಮೆಯೆಂದು ಮುಟ್ಟದೆ ಇದ್ದರೆ ಜಮೀನು ಹಿಂದಕ್ಕೆ ಬರುವುದೆಂಬ ನಂಬಿಕೆಯೂ ಕೆಲವರಲ್ಲಿದೆ. ಕೊಡಬಂದ ಹಣವನ್ನು ನಿರಾಕರಿಸಿದವನು ಆ ಕಾರಣದಿಂದ ಸ್ವಾಧೀನವು ರದ್ದಾಯಿತೆಂದು ಹೇಳಲಾಗದೆಂದು 2020ನೆಯ ಇಸವಿ ಮಾರ್ಚ್ ತಿಂಗಳಲ್ಲಿ ಸುಪ್ರೀಂ ಕೋರ್ಟಿನವರು ತೀರ್ಮಾನಿಸಿದ್ದಾರೆ. ಆಕ್ಷೇಪಣೆಯೊಡನೆ ಹಣವನ್ನು ಪಡೆದು, ಹೆಚ್ಚಿನ ಪರಿಹಾರಕ್ಕೆ ಅವಧಿಯೊಳಗೆ ಅರ್ಜಿ ಕೊಡುವುದು ಯುಕ್ತವಾದ ದಾರಿ.

ಇಂತಹ ಹಣದ ಸುದ್ದಿ ಹರಡಿದ ಕಡೆಗಳಲ್ಲಿ ದಲ್ಲಾಳಿಗಳೂ ಹುಟ್ಟಿಕೊಳ್ಳುವರು. ‘ಬಂದುದರಲ್ಲಿ ಮೂರನೆಯ ಒಂದು ಪಾಲು ನನಗೆ’ ಎಂದು ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರನ್ನೂ, ‘ನಿಮ್ಮ ತಂದೆಯ ಲಕ್ಷ ರೂಪಾಯಿ ಬಂದಿದೆ, ಮೊಬೈಲಿಗೆ ಬಂದ ಗುಪ್ತಸಂಖ್ಯೆಯನ್ನು ಹೇಳಿ’ ಎಂದು ದೂರವಾಣಿಯಲ್ಲಿ ಕೇಳುವವರನ್ನೂ ನಂಬಬಾರದು. ರಿಜರ್ವ್ ಬ್ಯಾಂಕಿನವರು ಯಾರಿಗೂ ಹಾಗೆ ದೂರವಾಣಿ ಮಾಡುವುದಿಲ್ಲ. ಹುಡುಕುವ ಕೆಲಸವನ್ನು ಊರಿನ ಓದಿದ ಹುಡುಗರಿಂದಲೇ ಮಾಡಿಸಬಹುದು. ಹಳೆಯ ಹೆಸರುಗಳನ್ನೂ ಮನೆತನದ ಸಂಬಂಧಗಳನ್ನೂ ಬಲ್ಲ ಮುದುಕರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಒಂದು ಮಧ್ಯಾಹ್ನದಲ್ಲಿ ಹತ್ತು ಮನೆಗಳ ಹೆಸರನ್ನು ನೋಡಬಹುದು. ಆ ಮುದುಕರು ಇರುವಾಗಲೇ ಇದನ್ನು ಮಾಡುವುದು ಲೇಸು.

ಬ್ಯಾಂಕಿಗೆ ಕೊಡುವ ಅರ್ಜಿಯನ್ನು ಎರಡು ಪ್ರತಿ ಬರೆದು, ಒಂದರ ಮೇಲೆ ತಾರೀಖಿನೊಡನೆ ಮೊಹರನ್ನು ಹಾಕಿಸಿಕೊಂಡು ಇಟ್ಟುಕೊಳ್ಳತಕ್ಕದ್ದು. ಮೂಲ ರಶೀತಿಯನ್ನು ಕೊಡಬೇಕಾಗಿ ಬಂದರೆ ನಕಲಿನ ಮೇಲೆ ಪಡೆದವರ ರುಜು ಪಡೆಯಬೇಕು. ಮೂವತ್ತು ದಿವಸಗಳಲ್ಲಿ ಉತ್ತರ ಬರದಿದ್ದರೆ ಅಥವಾ ಕಾರಣವಿಲ್ಲದೆ ನಿರಾಕರಿಸಿದರೆ ರಿಜರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಸಲ್ಲಿಸಬಹುದು. ಅದಕ್ಕೂ ಶುಲ್ಕವಿಲ್ಲ, ಮೊಹರು ಹಾಕಿದ ಆ ಪ್ರತಿಯನ್ನು ದೂರಿನೊಡನೆ ಲಗತ್ತಿಸಬೇಕು.